ಹಿಂದಕ್ಕೆ ನಡೆಯಬಲ್ಲ ಕುದುರೆ

ಇಕ್ಕಟ್ಟಾದ ಜಾಗದಲ್ಲಿ ಟ್ರೇಲರನ್ನು ಹಿಂದಕ್ಕೆ ಹೊಡೆಯುವುದು ಎಷ್ಟು ಕಷ್ಟವೆಂಬುದನ್ನು ಕಬ್ಬಿನ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಂದಕ್ಕೆ ಎಳೆದಾಗ ಸಾಧು ಹಸುವಿನಂತೆ ಹಿಂಬಾಲಿಸುವ ಗಾಡಿ, ರಿವರ್ಸ್ ಗೇರ್ ಹಾಕಿದೊಡನೆ ಮೊಂಡು ಹಿಡಿಯುತ್ತದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಟ್ರಾಕ್ಟರ್ ಓಡಿಸುವವರು ಕೆಲವರಿದ್ದಾರೆ. ಮೇಷ್ಟ್ರಿಗೆ ಈ ವಿಷಯವೇಕೆ ಎಂದು ಅವರು ನಕ್ಕಾರು. ಆದರೆ ಈ ಕಷ್ಟಕ್ಕೂ ಒಂದು ಚರಿತ್ರೆಯಿದೆ. ಇಂಗ್ಲೆಂಡಿನಲ್ಲಿ ಇದೇ ಕಷ್ಟದ ದೆಸೆಯಿಂದ ಒಂದು ವಿಚಿತ್ರ ವಾಹನವೇ ಹುಟ್ಟಿಕೊಂಡಿತು. ಅದರ ಕಥೆಯನ್ನು ಹೇಳಬೇಕೆಂಬುದು ನನ್ನ ಬಹುದಿನದ ಆಸೆ.

ಮೊದಲು ಕಷ್ಟದ ಸ್ವರೂಪವನ್ನು ನೋಡೋಣ. ಒಂದು ಕೋಲನ್ನು ಅಂಗೈಯ ಮೇಲೆ ನೆಟ್ಟಗೆ ನಿಲ್ಲಿಸಲು ಯತ್ನಿಸಿ. ಅದು ಒಂದಿಷ್ಟು ವಾಲಿದರೆ ತಾನಾಗಿ ನೆಟ್ಟಗಾಗುವುದಿಲ್ಲ, ಇನ್ನಷ್ಟು ವಾಲುತ್ತದೆ. ಕೈಯನ್ನು ಅದರ ಬುಡಕ್ಕೆ ಒಯ್ಯುತ್ತಲೇ ಇರಬೇಕು. ಹಿಂದಕ್ಕೆ ತಳ್ಳಿಸಿಕೊಳ್ಳುವ ಟ್ರೇಲರಿನ ಸ್ವಭಾವವೂ ಅದೇ. ಎಂಜಿನ್ನಿಗೂ ಟ್ರೇಲರಿಗೂ ನಡುವಿನ ಕೀಲಿನಲ್ಲಿ ಸ್ವಲ್ಪ ಕೋನ ಬಿದ್ದರೆ ಸಾಕು, ಆ ಕೋನ ತಾನೇ ಬೆಳೆಯುತ್ತದೆ. ಟ್ರೇಲರಿನ ಹಿಂಭಾಗ ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗನ್ನು ಮೊದಲು ಬಲಕ್ಕೆ ತಿರುಗಿಸಬೇಕು, ಬಳಿಕ ಕೋನ ಕೈಮೀರುವ ಮೊದಲೇ ಎಡಕ್ಕೆ ತಂದು ಅದರ ಬೆನ್ನು ಹಿಡಿಯಬೇಕು. ಒಂದು ಮಿತಿ ದಾಟಿದ ಮೇಲೆ ಯಾವ ಚಾಲಕನಿಗೂ ಅದು ಬಗ್ಗುವುದಿಲ್ಲ; ಮಡಚಿದ ಚಾಕುವಿನಂತೆ ಮುಚ್ಚಿಕೊಳ್ಳುತ್ತದೆ. ಆಗ ಮುಂದಕ್ಕೆ ಎಳೆದು ನೇರ ಮಾಡಿಕೊಳ್ಳುವುದೊಂದೇ ಗತಿ. ಮುಂದಿನ ಅಚ್ಚೇ ತಿರುಗುವ ನಾಲ್ಕು ಚಕ್ರದ ಟ್ರೇಲರಾದರೆ ಕೀಲು ಎರಡಾಗುತ್ತವೆ. ಕೋಲಿನ ತುದಿಯಲ್ಲಿ ಇನ್ನೊಂದು ಕೋಲನ್ನು ನಿಲ್ಲಿಸಿದಂತೆ!

ಇನ್ನು ಕಥೆಗೆ ಬರೋಣ. 1923ರಲ್ಲಿ ಬ್ರಿಟನ್ನಿನ ಬಹುತೇಕ ರೈಲ್ವೆ ಕಂಪನಿಗಳು ಒಗ್ಗೂಡಿ ನಾಲ್ಕು ದೊಡ್ಡ ಕಂಪನಿಗಳಾದವು. ರೈಲಿನಲ್ಲಿ ಬಂದ ಸರಕನ್ನು ಅಂಗಡಿಗೆ, ಕಾರ್ಖಾನೆಗೆ, ಮನೆಬಾಗಿಲಿಗೆ ಮುಟ್ಟಿಸುವ ಹೊಣೆಯೂ ಅವುಗಳದ್ದೇ. ಆ ಕೆಲಸಕ್ಕೆ ಸಾವಿರಾರು ಕುದುರೆಗಳಿದ್ದವು. ಕುದುರೆಯೆಂದರೆ ಲಾಯ, ಮೇವು, ಲಾಳ, ವೈದ್ಯ. ಕೆಲಸವಿಲ್ಲದ ದಿನವೂ ಅದರ ಹೊಟ್ಟೆಗೆ ಹಾಕಲೇಬೇಕು. ಮೊದಲನೆಯ ಮಹಾಯುದ್ಧದ ತರುವಾಯ ಲಾರಿಗಳು ಹೇರಳವಾಗಿದ್ದವು. ಹಾಗಿದ್ದೂ ಕುದುರೆಗಳನ್ನು ಕೈಬಿಡಲಾಗಲಿಲ್ಲವೇಕೆ?

ಉತ್ತರ ಗೂಡ್ಸ್ ಯಾರ್ಡುಗಳ ನೆಲದಲ್ಲೇ ಇತ್ತು. ಅವೆಲ್ಲ ಹತ್ತೊಂಬತ್ತನೆಯ ಶತಮಾನದಲ್ಲಿ ಕುದುರೆಯ ಅಳತೆಗೆ ಕಟ್ಟಿದವು. ಕಮಾನಿನ ಕೆಳಗಿನ ದಾರಿ, ಕಲ್ಲುಹಾಸಿನ ಓಣಿ, ಸರಕು ಇಳಿಸುವ ಕಟ್ಟೆಗೆ ಒತ್ತಿಕೊಂಡು ಸಾಲಾಗಿ ನಿಂತ ಬಂಡಿಗಳು. ಪಳಗಿದ ಕುದುರೆ ಅಲ್ಲಿ ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟು ಬಂಡಿಯನ್ನು ಕಟ್ಟೆಗೆ ಮುಟ್ಟಿಸುತ್ತಿತ್ತು. ಅಷ್ಟೇ ಅಲ್ಲ, ಬಂಡಿಯ ಮುಂದಿನ ಅಚ್ಚು ತಿರುಗುವಂಥದ್ದಾದ್ದರಿಂದ, ತಾನು ಪಕ್ಕಕ್ಕೆ ಹೆಜ್ಜೆ ಹಾಕಿ ಬಂಡಿಗೆ ಅಡ್ಡಲಾಗಿ ನಿಂತುಬಿಡುತ್ತಿತ್ತು, ದಾರಿ ತೆರವಾಗುತ್ತಿತ್ತು. ಲಾರಿಗೆ ಪಕ್ಕಕ್ಕೆ ಹೆಜ್ಜೆ ಹಾಕಲು ಬರುವುದೇ? ಉದ್ದನೆಯ ಲಾರಿ ನಾಲ್ಕಾರು ಬಾರಿ ಹಿಂದೆ ಮುಂದೆ ಆಡುವಷ್ಟರಲ್ಲಿ ಯಾರ್ಡಿನ ಕೆಲಸವೆಲ್ಲ ನಿಲ್ಲುತ್ತಿತ್ತು. ನನ್ನ ಮಟ್ಟಿಗೆ, ಕುದುರೆಯನ್ನು ಅಲ್ಲಿ ಅಷ್ಟು ಕಾಲ ಉಳಿಸಿದ್ದು ಅದರ ಎಳೆಯುವ ಬಲಕ್ಕಿಂತ ಈ ಹಿಂದೆ ಸರಿಯುವ ಜಾಣ್ಮೆ.

ಆದ್ದರಿಂದ ರೈಲ್ವೆಗಳು ಬಯಸಿದ್ದು ಯಂತ್ರದ ಕುದುರೆಯನ್ನು. ಲಂಡನ್ ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಷ್ ರೈಲ್ವೆಗಾಗಿ ಹಡರ್ಸ್‌ಫೀಲ್ಡಿನ ಕ್ಯಾರಿಯರ್ ಕಂಪನಿ 1930ರ ಸುಮಾರಿಗೆ ‘ಕಾಬ್’ ಎಂಬ ಮೂರು ಚಕ್ರದ ಪುಟ್ಟ ಎಳೆಯುವ ಬಂಡಿಯನ್ನು ಮಾಡಿತು. ಕಾಬ್ ಎಂದರೆ ಗಟ್ಟಿಮುಟ್ಟಾದ ಗಿಡ್ಡ ಕುದುರೆ. ಇತ್ತ ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆ ನೇಪಿಯರ್ ಕಂಪನಿಯ ಮೊರೆಹೊಕ್ಕಿತು. ನೇಪಿಯರಿನವರು ನಕ್ಷೆ ತೆಗೆದರಾದರೂ ಮುಂದುವರಿಸದೆ ಅದನ್ನು ವಾಟ್‌ಫರ್ಡಿನ ಸ್ಕ್ಯಾಮೆಲ್ ಕಂಪನಿಗೆ ಮಾರಿದರು. ಅಲ್ಲಿನ ಓ. ಡಿ. ನಾರ್ತ್ ಎಂಬ ಎಂಜಿನಿಯರು ಅದನ್ನು ತಿದ್ದಿ ರೂಪಿಸಿದ ವಾಹನ 1930ರ ದಶಕದ ಮೊದಲ ವರ್ಷಗಳಲ್ಲಿ ಬೀದಿಗಿಳಿಯಿತು. ಅದಕ್ಕೆ ಮುಚ್ಚುಮರೆಯಿಲ್ಲದೆ ‘ಮೆಕ್ಯಾನಿಕಲ್ ಹಾರ್ಸ್’ ಎಂದೇ ಹೆಸರಿಟ್ಟರು. 3 ಟನ್ ಮತ್ತು 6 ಟನ್ ಹೊರುವ ಎರಡು ಬಗೆಯವು ಬಂದವು. ಎಂಜಿನ್ನೇನೂ ದೊಡ್ಡದಲ್ಲ. ಆದರೆ ಮುಂದಿನ ಒಂಟಿ ಚಕ್ರ ಬಹಳ ದೂರ ತಿರುಗುತ್ತಿದ್ದುದರಿಂದ ಬಂಡಿ ಹೆಚ್ಚುಕಡಮೆ ನಿಂತಲ್ಲೇ ತಿರುಗುತ್ತಿತ್ತು. ಮೈಯೂ ಗಿಡ್ಡ. ಹೀಗಾಗಿ ಕೀಲಿನ ಕೋನ ಬೆಳೆಯುವ ಮೊದಲೇ ಚಾಲಕ ಅದನ್ನು ತಿದ್ದಬಲ್ಲವನಾದ. ಕುದುರೆಯಂತೆಯೇ ಟ್ರೇಲರಿಗೆ ಅಡ್ಡಲಾಗಿ ತಿರುಗಿಯೂ ನಿಲ್ಲಬಲ್ಲವನಾದ.

ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಅದರ ಕೊಂಡಿ. ಚಾಲಕ ಕೆಳಗಿಳಿಯುವಂತಿರಲಿಲ್ಲ. ನಿಂತ ಟ್ರೇಲರಿನ ಮೂತಿಯಡಿಗೆ ಬಂಡಿಯನ್ನು ಹಿಂದಕ್ಕೆ ತೂರಿಸಿದರೆ, ಟ್ರೇಲರು ಇಳಿಜಾರು ಹಳಿಗಳ ಮೇಲೆ ಏರಿ ಕೂರುತ್ತಿತ್ತು, ಅದರ ಮುಂದಿನ ಪುಟ್ಟ ಚಕ್ರಗಳ ಕಾಲು ತಾನಾಗಿ ಮಡಚಿಕೊಳ್ಳುತ್ತಿತ್ತು, ಬ್ರೇಕೂ ಕೂಡಿಕೊಳ್ಳುತ್ತಿತ್ತು. ಬಿಡಿಸಲು ಕುಳಿತಲ್ಲೇ ಒಂದು ಹಿಡಿ ಎಳೆದರಾಯಿತು. ಹೀಗೆ ಒಂದು ಟ್ರೇಲರಿಗೆ ಸರಕು ತುಂಬುತ್ತಿರುವಾಗ, ಇನ್ನೊಂದನ್ನು ಬರಿದು ಮಾಡುತ್ತಿರುವಾಗ, ಮೂರನೆಯದನ್ನು ಅದೇ ಯಂತ್ರ ಬೀದಿಯಲ್ಲಿ ಎಳೆದೊಯ್ಯುತ್ತಿತ್ತು. ಇಷ್ಟೆಲ್ಲ ಉಳಿತಾಯ ನಿಂತದ್ದು ಚಾಲಕನೊಬ್ಬ ಕೆಲವೇ ಅಡಿಗಳಷ್ಟು ನೇರವಾಗಿ ಹಿಂದಕ್ಕೆ ಹೊಡೆಯಬಲ್ಲನೇ ಎಂಬುದರ ಮೇಲೆ. ಕಟ್ಟೆಗೂ ಟ್ರೇಲರಿಗೂ ನಡುವೆ ನಿಂತು ಕೈಸನ್ನೆ ಮಾಡುವ ಆಳಿನ ಪ್ರಾಣವೂ ಅದರ ಮೇಲೆಯೇ ನಿಂತಿತ್ತು. ಕುದುರೆಯಾದರೋ ಮನುಷ್ಯನ ದನಿ ಕೇಳಿದರೆ ನಿಲ್ಲುತ್ತಿತ್ತು; ಯಂತ್ರಕ್ಕೆ ಕಿವಿಯಿಲ್ಲ.

ಮೂರು ಚಕ್ರದ ದೋಷವೂ ಇತ್ತು: ವೇಗದಲ್ಲಿ ಥಟ್ಟನೆ ತಿರುಗಿಸಿದರೆ ಮಗುಚುವ ಭಯ. ಯಾರ್ಡಿನ ನಿಧಾನಗತಿಗೆ ಅದು ಅಷ್ಟಾಗಿ ಬಾಧಕವಾಗಲಿಲ್ಲ. 1948ರಲ್ಲಿ ಇದರ ಉತ್ತರಾಧಿಕಾರಿಯಾಗಿ ‘ಸ್ಕ್ಯಾರಬ್’ ಬಂದಿತು. ಅದೇ ವರ್ಷದ ಆರಂಭದಲ್ಲಿ ಬ್ರಿಟಿಷ್ ರೈಲ್ವೆಗಳು ರಾಷ್ಟ್ರೀಕರಣಗೊಂಡಾಗ, ಸರ್ಕಾರದ ವಶಕ್ಕೆ ಬಂದ ಆಸ್ತಿಯಲ್ಲಿ ಇನ್ನೂ ಸಾವಿರಾರು ಜೀವಂತ ಕುದುರೆಗಳಿದ್ದವು! ಹಂತಹಂತವಾಗಿ ಅವು ಮರೆಯಾದವು. ಬಳಿಕ ಸಣ್ಣ ಸರಕಿನ ಸಾಗಾಟವೇ ರೈಲನ್ನು ಬಿಟ್ಟು ಹೆದ್ದಾರಿಗೆ ಹೋದುದರಿಂದ, 1960ರ ದಶಕದ ಕೊನೆಯ ವೇಳೆಗೆ ಯಂತ್ರದ ಕುದುರೆಯ ತಯಾರಿಕೆಯೂ ನಿಂತಿತು.

ಬ್ರಿಟಿಷ್ ರೈಲ್ವೆಯಲ್ಲಿ ಡಬ್ಬಿಗಳನ್ನು ಎಳೆದು ಹಳಿ ಬದಲಾಯಿಸುತ್ತಿದ್ದ ಕಟ್ಟಕಡೆಯ ಕುದುರೆ ನಿವೃತ್ತವಾದದ್ದು 1967ರಲ್ಲಿ. ಅದರ ಹೆಸರು ಚಾರ್ಲಿ, ಊರು ನ್ಯೂಮಾರ್ಕೆಟ್. ಕುದುರೆ ಪಂದ್ಯಗಳಿಗೆ ಹೆಸರಾದ ಊರದು. ಚಾರ್ಲಿ ಎಳೆಯುತ್ತಿದ್ದದ್ದು ಪಂದ್ಯದ ಕುದುರೆಗಳನ್ನು ಸಾಗಿಸುವ ಡಬ್ಬಿಗಳನ್ನು.