ಟ್ರಂಕಿನಲ್ಲಿ ಇಲ್ಲದ ಹೆಸರು

ನಮ್ಮ ಮನೆಯ ಹಳೆಯ ಟ್ರಂಕಿನ ತುಂಬ ಅಜ್ಜನ ಕಂದಾಯದ ರಸೀದಿಗಳು. ಅಜ್ಜಿಯ ಕೈಬರಹದ ಒಂದು ಚೀಟಿಯೂ ಇಲ್ಲ. ಅಮೆರಿಕದ ಕೂಪರ್ ಮನೆತನದ ಬಗ್ಗೆ ಓದುವಾಗ ಅದೇ ನೆನಪಾಯಿತು. ನ್ಯೂಯಾರ್ಕ್ ರಾಜ್ಯದ ಕಾಡಿನಲ್ಲಿ 1786ರಲ್ಲಿ ಕೂಪರ್ಸ್‌ಟೌನ್ ಊರು ಕಟ್ಟಲು ತೊಡಗಿದವನು ವಿಲಿಯಂ ಕೂಪರ್. ಅವನ ಜಮೀನು ವ್ಯವಹಾರದ ಕಾಗದಪತ್ರಗಳನ್ನು ಹಾರ್ಟ್‌ವಿಕ್ ಕಾಲೇಜಿನಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಮಗ ಜೇಮ್ಸ್ ಫೆನಿಮೋರ್ ಹೆಸರಾಂತ ಕಾದಂಬರಿಕಾರನಾದ. ಮೊಮ್ಮಗಳು ಸೂಸನ್ ಅದೇ ಊರಿನ ಹಕ್ಕಿ, ಹೂವು, ಕಡಿದುಹೋಗುತ್ತಿದ್ದ ಮರಗಳನ್ನು ಕಂಡು ದಿನಚರಿಯಂತೆ ಬರೆದಳು. ಆ ‘ರೂರಲ್ ಅವರ್ಸ್’ 1850ರಲ್ಲಿ ಅಚ್ಚಾದಾಗ ಅದರ ಮೇಲೆ ಅವಳ ಹೆಸರಿರಲಿಲ್ಲ. ‘ಒಬ್ಬ ಮಹಿಳೆ’ ಎಂದಷ್ಟೇ ಇತ್ತು.

ಓದಿ ಮುಗಿಸಿ, ನನ್ನ ಅಮ್ಮ ಬರೆದಿಟ್ಟಿದ್ದ ಹಾಲಿನ ಲೆಕ್ಕದ ಪುಸ್ತಕವನ್ನು ಹುಡುಕಿ ತೆಗೆದೆ. ಮೊದಲ ಪುಟದಲ್ಲಿ ಅವಳ ಹೆಸರು ಬರೆದು ಅದೇ ಟ್ರಂಕಿನಲ್ಲಿಟ್ಟೆ.