ಹದಿನೇಳು ದಿನದ ಕ್ಯೋಟೋ, ಎರಡು ದಿನದ ಕ್ಯೋಟೋ

ಕ್ಯೋಟೋ ನೋಡಲು ಎಷ್ಟು ದಿನ ಬೇಕು ಎಂಬ ಪ್ರಶ್ನೆ ಹೊಸದೇನಲ್ಲ. 1706ರಲ್ಲೇ ಅದಕ್ಕೊಂದು ಉತ್ತರ ಅಚ್ಚಾಗಿ ಬಂದಿತ್ತು: ಹದಿನೇಳು ದಿನ. ಹಾಗೆಂದವರು ಜಪಾನಿನ ದಕ್ಷಿಣದ ಫುಕುವೋಕಾ ಸಂಸ್ಥಾನದ ವಿದ್ವಾಂಸ ಕೈಬಾರಾ ಎಕಿಕೆನ್. ಗಿಡಮೂಲಿಕೆ, ಆರೋಗ್ಯ, ನೀತಿ ಹೀಗೆ ಹಲವು ವಿಷಯಗಳ ಮೇಲೆ ಬರೆದ ಎಕಿಕೆನ್ ಪ್ರಾಯದಲ್ಲಿ ಕ್ಯೋಟೋದಲ್ಲಿ ಕೆಲವು ವರ್ಷ ಓದಿದ್ದರು, ಆಮೇಲೂ ಅನೇಕ ಬಾರಿ ಅಲ್ಲಿಗೆ ಹೋಗಿ ಬಂದಿದ್ದರು. 'ಕೇಜೋ ಶೋರಾನ್' ಎಂಬ ಅವರ ಚಿಕ್ಕ ಕೈಪಿಡಿಯ ಉಪಾಯ ಬಹಳ ಸರಳ. ಊರಿನೊಳಗೆ ತಂಗಬೇಕು, ಬೆಳಗ್ಗೆ ಒಂದು ದಿಕ್ಕು ಹಿಡಿದು ಹೊರಡಬೇಕು, ದಾರಿಯಲ್ಲಿ ಸಿಗುವ ಗುಡಿ, ಮಠ, ತೋಟಗಳನ್ನು ನೋಡಿಕೊಂಡು ಸಂಜೆಗೆ ಮರಳಬೇಕು. ಮರುದಿನ ಇನ್ನೊಂದು ದಾರಿ. ಹೀಗೆ ಹದಿನೇಳು ನಡಿಗೆಗಳು.

ಇವತ್ತು ಭಾರತದಿಂದ ಜಪಾನಿಗೆ ಹೋಗುವವರ ಹತ್ತು ದಿನದ ಪ್ರವಾಸದಲ್ಲಿ ಕ್ಯೋಟೋಗೆ ಸಿಗುವುದು ಹೆಚ್ಚೆಂದರೆ ಎರಡು ದಿನ. ಟೋಕಿಯೋದಿಂದ ಶಿಂಕಾನ್‌ಸೆನ್ ರೈಲಿನಲ್ಲಿ ಎರಡೂಕಾಲು ಗಂಟೆಯ ಹಾದಿ. ನೋಡಬೇಕಾದ ಪಟ್ಟಿ ಮೊದಲೇ ಸಿದ್ಧವಾಗಿರುತ್ತದೆ: ಕೆಂಪು ಕಮಾನುಗಳ ಫುಶಿಮಿ ಇನಾರಿ, ಮರದ ಜಗಲಿಯ ಕಿಯೊಮಿಜು, ಚಿನ್ನದ ತಗಡಿನ ಕಿಂಕಾಕು-ಜಿ, ಬಿದಿರು ಮೆಳೆಯ ಅರಾಶಿಯಾಮಾ, ಹಳೆಯ ಬೀದಿಗಳ ಗಿಯೋನ್. ನಕಾಶೆ ಬಿಡಿಸಿಟ್ಟು ನೋಡಿದರೆ ತೊಡಕು ಕಾಣುತ್ತದೆ. ಮೊದಲನೆಯದು ಆಗ್ನೇಯದಲ್ಲಿ, ಎರಡನೆಯದು ಪೂರ್ವದಲ್ಲಿ, ಮೂರನೆಯದು ವಾಯವ್ಯದಲ್ಲಿ, ನಾಲ್ಕನೆಯದು ಪಶ್ಚಿಮದ ತುದಿಯಲ್ಲಿ. ಎಲ್ಲವನ್ನೂ ಹಿಡಿಯಲು ಹೊರಟವರ ದಿನದ ದೊಡ್ಡ ಪಾಲು ಬಸ್ಸಿನ ಸರದಿಯಲ್ಲೇ ಕಳೆಯುತ್ತದೆ.

ನೋಡತಕ್ಕ ಜಾಗಗಳು ಹೀಗೆ ಅಂಚಿನಲ್ಲಿ ಚದುರಿರುವುದಕ್ಕೆ ಕಾರಣ ಊರು ಹುಟ್ಟಿದ ರೀತಿಯಲ್ಲೇ ಇದೆ. 794ರಲ್ಲಿ ಚಕ್ರವರ್ತಿ ಕನ್ಮು ಇಲ್ಲಿ ಹೇಯಾನ್-ಕ್ಯೋ ಎಂಬ ಹೊಸ ರಾಜಧಾನಿ ಕಟ್ಟಿಸಿದಾಗ ಚೀನಾದ ಚಾಂಗಾನ್ ನಗರ ಮಾದರಿಯಾಗಿತ್ತು. ಮೂರು ಕಡೆ ಬೆಟ್ಟ, ನಡುವಿನ ಬಯಲಿನಲ್ಲಿ ಚದುರಂಗದ ಮಣೆಯಂತೆ ಗೆರೆ ಎಳೆದ ಬೀದಿಗಳು. ಹಿಂದಿನ ರಾಜಧಾನಿ ನಾರಾದಲ್ಲಿ ಬೌದ್ಧ ಮಠಗಳು ರಾಜಕೀಯದಲ್ಲಿ ಕೈಹಾಕುವಷ್ಟು ಬಲಿತಿದ್ದವು. ಹೊಸ ಊರಿನಲ್ಲಿ ಹಾಗಾಗಬಾರದೆಂದು ಗಡಿಯೊಳಗೆ ಎರಡೇ ಮಠಗಳಿಗೆ ಜಾಗ ಕೊಟ್ಟರು: ದಕ್ಷಿಣದ ಹೆಬ್ಬಾಗಿಲಿನ ಪೂರ್ವಕ್ಕೆ ತೋ-ಜಿ, ಪಶ್ಚಿಮಕ್ಕೆ ಸಾಯ್-ಜಿ. ಉಳಿದವು ಊರಾಚೆ, ಬೆಟ್ಟದ ಬುಡಗಳಲ್ಲಿ ಬೆಳೆದವು. ಶ್ರೀಮಂತರ ವಿಹಾರದ ಮನೆಗಳೂ ಅಲ್ಲೇ ಎದ್ದವು, ಅವುಗಳಲ್ಲಿ ಕೆಲವು ಮುಂದೆ ಮಠಗಳಾದವು. 1397ರಲ್ಲಿ ಶೋಗುನ್ ಪದವಿ ಬಿಟ್ಟಿದ್ದ ಯೊಶಿಮಿತ್ಸು ಕಟ್ಟಿಸಿಕೊಂಡ ಮನೆಯೇ ಮುಂದೆ ಕಿಂಕಾಕು-ಜಿ ಆಯಿತು. ಎಕಿಕೆನ್ ದಿಕ್ಕಿಗೊಂದು ದಿನ ಎಂದು ಹಂಚಿದ್ದರ ಹಿಂದೆ ಒಂಬೈನೂರು ವರ್ಷದ ಈ ನಕಾಶೆಯಿತ್ತು.

ಎಕಿಕೆನ್ ಕಾಲಕ್ಕೆ ಅಧಿಕಾರ ಎದೋಗೆ, ಅಂದರೆ ಇಂದಿನ ಟೋಕಿಯೋಗೆ, ಹೋಗಿ ನೂರು ವರ್ಷವಾಗಿತ್ತು. ಚಕ್ರವರ್ತಿ ಮಾತ್ರ ಕ್ಯೋಟೋದಲ್ಲೇ ಇದ್ದರು. ಸಾಮಾನ್ಯರು ದೂರದ ಊರಿಗೆ ಹೋಗಲು ಪರವಾನಗಿ ಪತ್ರ ಬೇಕಿತ್ತು, ಅದು ಸುಲಭವಾಗಿ ಸಿಗುತ್ತಿದ್ದದ್ದು ತೀರ್ಥಯಾತ್ರೆಗೆ. ಇಸೆಯ ಮಹಾಗುಡಿಗೆಂದು ಹೊರಟ ರೈತರು, ವ್ಯಾಪಾರಿಗಳು ಬಂದ ದಾರಿಯಲ್ಲೇ ನಾರಾ, ಒಸಾಕಾ, ಕ್ಯೋಟೋ ನೋಡಿಕೊಂಡು ಹೋಗುತ್ತಿದ್ದರು. ಇವರಲ್ಲಿ ಹೆಚ್ಚಿನವರಿಗೆ ಹದಿನೇಳು ದಿನ ಎಲ್ಲಿಂದ ಬರಬೇಕು? ಕೈಯಲ್ಲಿದ್ದ ಕಾಸು ಮತ್ತು ಊರಿನಲ್ಲಿ ಕಾಯುವ ಹೊಲ ನೋಡಿಕೊಂಡು ಮೂರೋ ನಾಲ್ಕೋ ದಿನದಲ್ಲಿ ಮುಗಿಸಬೇಕಿತ್ತು. ಕಾಶಿಗೆ ಹೋದವರು ಪ್ರಯಾಗ, ಗಯಾ ಮುಗಿಸಿ ಬರುತ್ತಿದ್ದ ಲೆಕ್ಕಾಚಾರವೇ ಇದು.

1780ರಲ್ಲಿ ಈ ಓದುಗರನ್ನು ಹುಚ್ಚೆಬ್ಬಿಸಿದ ಪುಸ್ತಕ ಬಂತು. ಅಕಿಸಾತೋ ರಿತೋ ಬರೆದು ತಾಕೆಹಾರಾ ಶುಂಚೋಸಾಯ್ ಚಿತ್ರ ಬಿಡಿಸಿದ 'ಮಿಯಾಕೋ ಮೇಶೋ ಜುಯೆ', ಅಂದರೆ ರಾಜಧಾನಿಯ ಹೆಸರಾಂತ ಜಾಗಗಳ ಚಿತ್ರಸಂಪುಟ. ಇದು ಕೂಡ ದಿಕ್ಕುಗಳ ಲೆಕ್ಕದಲ್ಲೇ ಇತ್ತು. ಮೊದಲೆರಡು ಭಾಗ ಊರೊಳಗಿನದು, ಮುಂದಿನ ನಾಲ್ಕು ಭಾಗಗಳಿಗೆ ದಿಕ್ಕು ಕಾಯುವ ನಾಲ್ಕು ಪ್ರಾಣಿಗಳ ಹೆಸರು: ಪೂರ್ವಕ್ಕೆ ನೀಲಿ ಡ್ರ್ಯಾಗನ್, ಪಶ್ಚಿಮಕ್ಕೆ ಬಿಳಿ ಹುಲಿ, ದಕ್ಷಿಣಕ್ಕೆ ಕೆಂಪು ಹಕ್ಕಿ, ಉತ್ತರಕ್ಕೆ ಕಪ್ಪು ಆಮೆ. ಎತ್ತರದಿಂದ ನೋಡಿದಂತೆ ಬರೆದ ಚಿತ್ರಗಳಲ್ಲಿ ಗೋಪುರ, ಸೇತುವೆ, ಅಂಗಡಿ, ಜನಸಂದಣಿ ಎಲ್ಲವೂ ಇದ್ದವು. ಪುಸ್ತಕ ಎಷ್ಟು ಮಾರಾಟವಾಯಿತೆಂದರೆ 1787ರಲ್ಲಿ ಅದರ ಅನುಬಂಧವೇ ಹೊರಬಂತು. ಬೇರೆ ಊರು, ಪ್ರಾಂತ್ಯಗಳಿಗೂ ಇದೇ ಮಾದರಿಯ ಸಂಪುಟಗಳು ಹುಟ್ಟಿಕೊಂಡವು.

ಮರುವರ್ಷ, 1788ರ ಚಳಿಗಾಲದಲ್ಲಿ, ಕಮೋ ನದಿಯ ಪೂರ್ವದ ದಡದಲ್ಲಿ ಹೊತ್ತಿದ ಬೆಂಕಿ ಗಾಳಿಗೆ ನದಿ ದಾಟಿ ಊರಿನ ಬಹುಪಾಲನ್ನು ಸುಟ್ಟಿತು. ಚಕ್ರವರ್ತಿಯ ಅರಮನೆ ಉರಿಯಿತು, ನಿಜೋ ಕೋಟೆಯ ಒಳಗಿನ ಅರಮನೆ ಉರಿಯಿತು. ರಿತೋ ಮತ್ತು ಶುಂಚೋಸಾಯ್ ಎಂಟು ವರ್ಷದ ಹಿಂದೆ ಪ್ರವಾಸಿಗಳಿಗೆಂದು ತಯಾರಿಸಿದ ಪುಸ್ತಕ ಇದ್ದಕ್ಕಿದ್ದಂತೆ ಕಳೆದುಹೋದ ಊರಿನ ದಾಖಲೆಯಾಯಿತು. ಬೆಂಕಿ ಹಬ್ಬಿದ್ದು ಮನೆಗಳು ಒತ್ತಾಗಿದ್ದ ಬಯಲಿನಲ್ಲಿ. ಬೆಟ್ಟದ ಬುಡದ ಕಿಯೊಮಿಜುವಿನಂಥ ಮಠಗಳು ಉಳಿದುಕೊಂಡವು. ಆ ಮಠದ ಇಂದಿನ ಮುಖ್ಯ ಕಟ್ಟಡ 1633ರದು, ಅದಕ್ಕೂ ಮೊದಲು ಅದೂ ಹಲವು ಬಾರಿ ಸುಟ್ಟಿತ್ತು. ಕ್ಯೋಟೋದಲ್ಲಿ 'ಹಳೆಯದು' ಎಂಬ ಮಾತಿಗೆ ಹೆಚ್ಚಾಗಿ 'ಹಳೆಯ ರೀತಿಯಲ್ಲಿ ಮತ್ತೆ ಕಟ್ಟಿದ್ದು' ಎಂದೇ ಅರ್ಥ.

ಮುಂದಿನ ದೊಡ್ಡ ಬೆಂಕಿ 1864ರಲ್ಲಿ, ಅರಮನೆಯ ಬಾಗಿಲಲ್ಲಿ ನಡೆದ ಕಾಳಗದಿಂದ. ಅಲ್ಲಿ ಐಜು ಸಂಸ್ಥಾನದ ಪರವಾಗಿ ಕಾದಿದವರಲ್ಲಿ ಫಿರಂಗಿ ವಿದ್ಯೆ ಬಲ್ಲ ಯಾಮಾಮೋತೋ ಕಾಕುಮಾ ಇದ್ದರು. ಐದು ವರ್ಷದೊಳಗೆ ಐಜು ಸೋತಿತ್ತು, ಯಾಮಾಮೋತೋ ಸೆರೆ ಕಂಡಿದ್ದರು, ಎರಡೂ ಕಣ್ಣು ಹೋಗಿದ್ದವು. 1869ರಲ್ಲಿ ಚಕ್ರವರ್ತಿಯೂ ಟೋಕಿಯೋಗೆ ಹೋದರು, ಅವರ ಹಿಂದೆ ಆಸ್ಥಾನದವರು, ಅವರನ್ನು ನೆಚ್ಚಿದ್ದ ಕಸುಬಿನವರು ಹೋದರು. ಸಾವಿರ ವರ್ಷದ ರಾಜಧಾನಿಗೆ ಮಾಡಲು ಕೆಲಸವೇ ಇಲ್ಲದಂತಾಯಿತು.

ಊರನ್ನು ಮೇಲೆತ್ತಲು ಹೊರಟ ಅಧಿಕಾರಿಗಳು ಸಲಹೆಗಾರರಾಗಿ ಕರೆದದ್ದು ಇದೇ ಯಾಮಾಮೋತೋ ಅವರನ್ನು. 1872ರಲ್ಲಿ ಕ್ಯೋಟೋ ವಸ್ತುಪ್ರದರ್ಶನ ನಡೆಯಿತು. ಬಂದರು ಪಟ್ಟಣಗಳ ಆಚೆ ವಿದೇಶಿಯರಿಗೆ ಪ್ರವೇಶವಿಲ್ಲದ ಆ ಕಾಲದಲ್ಲಿ ಪ್ರದರ್ಶನಕ್ಕೆಂದು ಅವರಿಗೆ ವಿಶೇಷ ಅನುಮತಿ ಸಿಕ್ಕಿತು. ಗಿಯೋನ್‌ನ ಗೇಯ್ಷಾಗಳ 'ಮಿಯಾಕೋ ಓದೋರಿ' ನೃತ್ಯ ಆರಂಭವಾದದ್ದೂ ಆ ವರ್ಷವೇ, ಅವರನ್ನು ಸೆಳೆಯಲೆಂದು. 1873ರಲ್ಲಿ ಯಾಮಾಮೋತೋ ಹೆಸರಿನಲ್ಲಿ ವಿದೇಶಿ ಪ್ರವಾಸಿಗಳಿಗಾಗಿ ಕ್ಯೋಟೋದ ಇಂಗ್ಲಿಷ್ ಕೈಪಿಡಿ ಹೊರಬಂತು. ಊರು ಸುಡುವುದನ್ನು ಕಂಡವರು, ಈಗ ಕಣ್ಣಿಲ್ಲದವರು, ಪರದೇಶದವರಿಗೆ ಏನು ನೋಡಬೇಕೆಂದು ತಿಳಿಸಿದರು. ಪ್ರವಾಸ ಎಂಬುದು ಆ ಊರಿಗೆ ಆಗ ಮೋಜಿನ ಮಾತಾಗಿರಲಿಲ್ಲ, ಹೊಟ್ಟೆಯ ಪ್ರಶ್ನೆಯಾಗಿತ್ತು.

ಪ್ರವಾಸಿಗಳನ್ನು ಕರೆದರಷ್ಟೇ ಸಾಲದೆಂದು 1890ರ ಹೊತ್ತಿಗೆ ಬಿವಾ ಸರೋವರದಿಂದ ಕಾಲುವೆ ತೆಗೆದು ನೀರು ತಂದರು. ಮರುವರ್ಷ ಆ ನೀರಿನಿಂದ ವಿದ್ಯುತ್ ಬಂತು. 1895ರಲ್ಲಿ ಆ ವಿದ್ಯುತ್ತಿನಿಂದ ಜಪಾನಿನ ಮೊದಲ ವಿದ್ಯುತ್ ಟ್ರಾಮ್ ಓಡಿತು. ಎಕಿಕೆನ್ ಅವರ ಒಂದು ದಿನದ ನಡಿಗೆ ಕೆಲವು ಗಂಟೆಗಳಿಗೆ ಇಳಿದದ್ದು ಹೀಗೆ. ಕಾರುಗಳು ಹೆಚ್ಚಿ, 1978ರಲ್ಲಿ ನಗರದ ಟ್ರಾಮ್ ಪೂರ್ತಿ ನಿಂತಿತು. ಇಂದು ಮೆಟ್ರೋ ಇರುವುದು ಎರಡೇ ಮಾರ್ಗ, ಅವು ಬೆಟ್ಟದಂಚಿನ ಬಹಳಷ್ಟು ಮಠಗಳ ಹತ್ತಿರ ಹೋಗುವುದಿಲ್ಲ. ಉಳಿದ ಭಾರವೆಲ್ಲ ಸಿಟಿ ಬಸ್ಸಿನ ಮೇಲೆ.

ಈ ನಡುವೆ ಊರು ಪೂರ್ತಿ ಇಲ್ಲವಾಗುವ ಸನ್ನಿವೇಶವೂ ಬಂದು ಹೋಯಿತು. 1945ರ ಮೇ ತಿಂಗಳಲ್ಲಿ ಅಣುಬಾಂಬಿನ ಗುರಿಗಳನ್ನು ಆಯ್ದ ಅಮೆರಿಕದ ಸಮಿತಿಯ ಪಟ್ಟಿಯಲ್ಲಿ ಕ್ಯೋಟೋ ಮೊದಲ ಸಾಲಿನಲ್ಲಿತ್ತು. ಅದನ್ನು ಹಟ ಹಿಡಿದು ತೆಗೆಸಿದವರು ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್. 1920ರ ದಶಕದಲ್ಲಿ ಅವರು ಹೆಂಡತಿಯೊಂದಿಗೆ ಕ್ಯೋಟೋ ನೋಡಿದ್ದರು. ಮಧುಚಂದ್ರಕ್ಕೆ ಹೋಗಿದ್ದರೆಂಬ ಜನಪ್ರಿಯ ಕಥೆ ನಿಜವಲ್ಲ, ಅವರ ಮದುವೆಯಾದದ್ದು 1893ರಲ್ಲಿ. ದಿನಚರಿಯಲ್ಲಿ ಅವರು ಕೊಟ್ಟ ಕಾರಣವೂ ರಾಜಕೀಯದ್ದು: ಈ ಊರನ್ನು ಸುಟ್ಟರೆ ಜಪಾನಿಯರ ಕಹಿ ಆರುವುದಿಲ್ಲ, ಅವರು ರಷ್ಯಾದ ಕಡೆ ವಾಲುತ್ತಾರೆ ಎಂಬ ಆತಂಕ. ಆದರೂ ಕ್ಯೋಟೋ ಎಂದರೆ ಜಪಾನಿಯರಿಗೆ ಏನು ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು ಎಂಬುದನ್ನು ಮರೆಯುವಂತಿಲ್ಲ. ಜುಲೈ ಕೊನೆಯ ಆದೇಶದಲ್ಲಿ ಕ್ಯೋಟೋ ಇರಲಿಲ್ಲ, ನಾಗಾಸಾಕಿ ಸೇರಿತ್ತು. ಒಂದು ಊರು ಉಳಿದ ಸಂತೋಷವನ್ನು ಇನ್ನೊಂದು ಊರಿನ ಹೆಸರು ಹೇಳದೆ ಪಡುವುದು ಸಾಧ್ಯವಿಲ್ಲ.

ಹಾಗೆ ಉಳಿದ, ಸುಮಾರು 14 ಲಕ್ಷ ಜನರ ಊರಿಗೆ ಈಗ ವರ್ಷಕ್ಕೆ 5 ಕೋಟಿಗೂ ಹೆಚ್ಚು ಮಂದಿ ಬರುತ್ತಾರೆ. ಸೂಟ್‌ಕೇಸುಗಳಿಂದ ತುಂಬಿದ ಬಸ್ಸಿಗೆ ಆಸ್ಪತ್ರೆಗೆ ಹೊರಟ ಮುದುಕರು ಹತ್ತಲಾಗದೆ ನಿಲ್ಲುತ್ತಾರೆ. 2024ರಲ್ಲಿ ಗಿಯೋನ್‌ನ ನಿವಾಸಿಗಳು ಖಾಸಗಿ ಓಣಿಗಳಿಗೆ ಪ್ರವಾಸಿಗಳು ಬರುವುದನ್ನು ತಡೆದು, ನುಗ್ಗಿದವರಿಗೆ 10,000 ಯೆನ್ ದಂಡದ ಫಲಕ ಹಾಕಿದರು. ಬಸ್ಸಿನ ದಿನದ ಪಾಸನ್ನು ನಗರ ನಿಲ್ಲಿಸಿತು. 1873ರಲ್ಲಿ ಕೈ ಬೀಸಿ ಕರೆದ ಊರೇ ಇವತ್ತು ಸ್ವಲ್ಪ ನಿಧಾನ ಎನ್ನುತ್ತಿದೆ.

ಎರಡು ದಿನದಲ್ಲಿ ಬರುವವರಿಗೆ ಎಕಿಕೆನ್ ಅವರ ದಿಕ್ಕಿನ ಲೆಕ್ಕ ಈಗಲೂ ಒಗ್ಗುತ್ತದೆ. ಒಂದು ದಿನ ಪೂರ್ವ: ಬೆಳಗ್ಗೆ ಆರಕ್ಕೇ ತೆರೆಯುವ ಕಿಯೊಮಿಜುವಿನಿಂದ ಹೊರಟು, ಇಳಿಜಾರಿನ ಬೀದಿಗಳಲ್ಲಿ ಯಾಸಾಕಾ ಗುಡಿ, ಅಲ್ಲಿಂದ ನಾನ್‌ಜೆನ್-ಜಿ, ಅದರ ಅಂಗಳದಲ್ಲೇ ಹಾದುಹೋಗುವ ಬಿವಾ ಕಾಲುವೆಯ ಇಟ್ಟಿಗೆ ಕಮಾನು, ಕಾಲುವೆಯ ದಂಡೆ ಹಿಡಿದು ಗಿಂಕಾಕು-ಜಿ. ಇಷ್ಟನ್ನೂ ಬಸ್ಸೇ ಹತ್ತದೆ ನಡೆದು ಮುಗಿಸಬಹುದು. ಇನ್ನೊಂದು ದಿನ ದಕ್ಷಿಣ: ಫುಶಿಮಿ ಇನಾರಿಗೆ ರೈಲು ಬಾಗಿಲಿಗೇ ಹೋಗುತ್ತದೆ, ತೋ-ಜಿ ಕ್ಯೋಟೋ ನಿಲ್ದಾಣದಿಂದ ಕಾಲ್ನಡಿಗೆಯ ದೂರ. ಇದರಲ್ಲಿ ಕಿಂಕಾಕು-ಜಿ ತಪ್ಪುತ್ತದೆ, ಅರಾಶಿಯಾಮಾ ತಪ್ಪುತ್ತದೆ. 1950ರಲ್ಲಿ ಒಬ್ಬ ಎಳೆಯ ಸನ್ಯಾಸಿ ಬೆಂಕಿಯಿಟ್ಟ ಮೇಲೆ 1955ರಲ್ಲಿ ಮತ್ತೆ ಎದ್ದ ಕಿಂಕಾಕು-ಜಿ, ಮುಂದಿನ ಬಾರಿಯ ತನಕ ಕಾದೀತು.

ಭಾರತದವರಿಗೆ ಈ ಎರಡು ದಿಕ್ಕುಗಳಲ್ಲಿ ಇನ್ನೊಂದು ಆಕರ್ಷಣೆಯೂ ಇದೆ. ಗಿಯೋನ್ ಎಂಬ ಹೆಸರು ಬಂದದ್ದು ಬುದ್ಧ ಮಳೆಗಾಲಗಳನ್ನು ಕಳೆದ ಶ್ರಾವಸ್ತಿಯ ಜೇತವನದಿಂದ. ತೋ-ಜಿಯ ಉಪನ್ಯಾಸ ಮಂದಿರದಲ್ಲಿ, ಸನ್ಯಾಸಿ ಕೂಕಾಯ್ 9ನೇ ಶತಮಾನದಲ್ಲಿ ಯೋಜಿಸಿದ 21 ಮೂರ್ತಿಗಳ ಮಂಡಲದಲ್ಲಿ, ಹಂಸಗಳ ಪೀಠದ ಮೇಲೆ ನಾಲ್ಕು ಮುಖದ ಬ್ರಹ್ಮ ಕುಳಿತಿದ್ದಾನೆ, ಆನೆಯ ಮೇಲೆ ಇಂದ್ರ. ಅಲ್ಲಿ ಅವರಿಗೆ ಬೊನ್ತೆನ್, ತಾಯ್‌ಶಾಕುತೆನ್ ಎಂದು ಹೆಸರು. ಪಟ್ಟಿ ಮುಗಿಸುವ ಆತುರದಲ್ಲಿ ಬಸ್ಸು ಹಿಡಿಯಲು ಓಡುವವರು ಇವರನ್ನು ಕಾಣದೆಯೇ ಊರು ಬಿಡುತ್ತಾರೆ. ಅರ್ಧ ದಿನ ತೋ-ಜಿಯಲ್ಲಿ ಕೂತವರಿಗೆ ಸಿಗುವುದು ಹದಿನೇಳರಲ್ಲಿ ಎರಡೇ ದಿನ, ಆದರೆ ಆ ಎರಡು ಪೂರ್ತಿ ಸಿಗುತ್ತವೆ.