ಮಿದುಳಿನಲ್ಲಿ ಕೋಪದ ‘ಸ್ವಿಚ್’ ಇದೆಯೇ? ಗೂಳಿ ವಿಡಿಯೋದ ಅಸಲಿ ಕತೆ

ಕಪ್ಪು-ಬಿಳುಪಿನ ಹಳೆಯ ವಿಡಿಯೋ. ಗೂಳಿಯೊಂದು ಒಬ್ಬ ವ್ಯಕ್ತಿಯ ಮೇಲೆ ನುಗ್ಗಿ ಬರುತ್ತಿದೆ. ಆತನ ಕೈಯಲ್ಲಿ ರಿಮೋಟ್‌ನಂಥ ಪೆಟ್ಟಿಗೆ. ಗುಂಡಿ ಒತ್ತಿದ್ದೇ ತಡ, ಗೂಳಿ ಗಕ್ಕನೆ ನಿಲ್ಲುತ್ತದೆ. ಜೊತೆಗೆ ‘ಮಿದುಳಿನಲ್ಲಿ ಕೋಪದ ಕೇಂದ್ರ ಇದೆ, ಅದನ್ನು ಆಫ್ ಮಾಡಿದರೆ ಎಂಥ ಕ್ರೂರಿಯೂ ಸಾಧುವಾಗುತ್ತಾನೆ’ ಎಂಬ ಒಕ್ಕಣೆ. ಇಂಥದ್ದೊಂದು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಪ್ರಯೋಗ ನಡೆದದ್ದು ನಿಜ. ಅದಕ್ಕೆ ಕೊಟ್ಟಿರುವ ಅರ್ಥ ತಪ್ಪು.

ಇದು 1963ರಲ್ಲಿ ಸ್ಪೇನ್ ದೇಶದ ಕಾರ್ಡೋಬಾದಲ್ಲಿ ನಡೆದ ಪ್ರಯೋಗ. ಪೆಟ್ಟಿಗೆ ಹಿಡಿದವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿಜ್ಞಾನಿ ಹೋಸೆ ಡೆಲ್ಗಾಡೋ. ಗೂಳಿಯ ಮಿದುಳಿನೊಳಗೆ ಮೊದಲೇ ತೆಳು ತಂತಿಗಳನ್ನು ಇಟ್ಟು, ರೇಡಿಯೋ ಮೂಲಕ ಅಲ್ಲಿಗೆ ಸಣ್ಣ ಪ್ರಮಾಣದ ವಿದ್ಯುತ್ ಹರಿಸುವ ವ್ಯವಸ್ಥೆ ಮಾಡಿದ್ದರು. 1965ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇದನ್ನು ಮುಖಪುಟದಲ್ಲೇ ಹಾಕಿತು. ಫಾರ್ವರ್ಡ್ ಮಾಡಲು ವಾಟ್ಸಾಪ್ ಇರಲಿಲ್ಲ, ಅಷ್ಟೇ!

ಆದರೆ ತಂತಿ ಇದ್ದದ್ದು ಎಲ್ಲಿ? ಕಾಡೇಟ್ ಎಂಬ ಭಾಗದಲ್ಲಿ. ಮೈಯ ಚಲನೆಯನ್ನು ಹದ್ದುಬಸ್ತಿನಲ್ಲಿಡುವ ಭಾಗಗಳಲ್ಲಿ ಇದೂ ಒಂದು. ಗಮನವಿಟ್ಟು ನೋಡಿದರೆ ಗೂಳಿ ಸುಮ್ಮನೆ ನಿಲ್ಲುವುದಿಲ್ಲ, ಒಂದು ಬದಿಗೆ ತಿರುಗುತ್ತದೆ. ಮನೋವಿಜ್ಞಾನಿ ಎಲಿಯಟ್ ವ್ಯಾಲೆನ್‌ಸ್ಟೈನ್ 1973ರಲ್ಲಿ ಎತ್ತಿದ ಆಕ್ಷೇಪ ಇದೇ: ಇಳಿದದ್ದು ಸಿಟ್ಟಲ್ಲ, ತಪ್ಪಿದ್ದು ಓಟ. ಬ್ರೇಕ್ ಬಿದ್ದು ಬಸ್ ನಿಂತರೆ ಡ್ರೈವರ್‌ನ ಕೋಪ ತಣ್ಣಗಾಯಿತು ಎನ್ನಲಾಗುತ್ತದೆಯೇ?

ಹಾಗಾದರೆ ಆಕ್ರಮಣಕ್ಕೂ ಮಿದುಳಿಗೂ ಸಂಬಂಧವೇ ಇಲ್ಲವೇ? ಖಂಡಿತ ಇದೆ. ಮಿದುಳಿನ ತಳಭಾಗದಲ್ಲಿ ಹೈಪೋಥಲಾಮಸ್ ಎಂಬ ಚಿಕ್ಕ ಭಾಗವಿದೆ. ಹಸಿವು, ಬಾಯಾರಿಕೆ, ಮೈಬಿಸಿ ಇವೆಲ್ಲ ಅದರ ಉಸ್ತುವಾರಿ. 2011ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯ ವಿಜ್ಞಾನಿಗಳು ಗಂಡು ಇಲಿಗಳಲ್ಲಿ ಇಲ್ಲಿನ ಕೆಲವು ಜೀವಕೋಶಗಳನ್ನು ಬೆಳಕಿನಿಂದ ಚುರುಕುಗೊಳಿಸಿದರು. ಇಲಿಗಳು ಗಾಳಿ ತುಂಬಿದ ಕೈಗವಸಿನ ಮೇಲೂ ಎರಗಿದವು! ‘ನೋಡಿ, ಸ್ವಿಚ್ ಸಿಕ್ಕಿತಲ್ಲ’ ಎನ್ನಬೇಡಿ. ಅದೇ ಇಲಿ ಹೆಣ್ಣಿನ ಜೊತೆ ಕೂಡುತ್ತಿದ್ದಾಗ ಆ ಕೋಶಗಳಲ್ಲಿ ಹಲವು ಮೌನವಾಗಿದ್ದವು, ಆಗ ಅದನ್ನು ಕೆರಳಿಸಲು ಹೆಚ್ಚು ಪ್ರಖರ ಬೆಳಕು ಬೇಕಾಯಿತು. ಇಲಿಯ ವಿಷಯದಲ್ಲೇ ಸಂದರ್ಭ ಇಷ್ಟು ಮುಖ್ಯ.

ಫಾರ್ವರ್ಡ್‌ಗಳ ಅಚ್ಚುಮೆಚ್ಚಿನ ಹೆಸರು ಅಮಿಗ್ಡಲಾ. ಇದನ್ನು ‘ಕೋಪದ ಗ್ರಂಥಿ’ ಎಂದೂ ಬರೆಯುತ್ತಾರೆ. ಅದು ಗ್ರಂಥಿಯೇ ಅಲ್ಲ. ಬಾದಾಮಿ ಆಕಾರದ ನರಕೋಶಗಳ ಗುಂಪು, ಮಿದುಳಿನ ಎರಡೂ ಬದಿಯಲ್ಲಿ ಒಂದೊಂದಿದೆ. ‘ಇದು ಮುಖ್ಯ, ಗಮನಿಸು’ ಎಂದು ಎಚ್ಚರಿಸುವುದು ಅದರ ಕೆಲಸ. ಭಯ, ಬಹುಮಾನ, ಎದುರಿನವರ ಮುಖಭಾವ ಎಲ್ಲದಕ್ಕೂ ಅದು ಸ್ಪಂದಿಸುತ್ತದೆ. ಹಣೆಯ ಹಿಂದಿರುವ ಪ್ರೀಫ್ರಂಟಲ್ ಕಾರ್ಟೆಕ್ಸ್ ‘ತಡಿ, ಯೋಚಿಸು’ ಎಂದು ಲಗಾಮು ಎಳೆಯುತ್ತದೆ. ಕುಡಿದಾಗ ಸಡಿಲವಾಗುವುದು ಈ ಲಗಾಮು.

ಒಂದೇ ಕೇಂದ್ರ ಎಂಬ ನಂಬಿಕೆಗೆ ಮನುಷ್ಯರು ಬೆಲೆ ತೆತ್ತಿದ್ದಾರೆ. 1930ರ ದಶಕದಲ್ಲಿ ಷಿಕಾಗೋದಲ್ಲಿ ಕ್ಲೂವರ್ ಮತ್ತು ಬ್ಯೂಸಿ ಕೋತಿಗಳ ಮಿದುಳಿನಿಂದ ಅಮಿಗ್ಡಲಾ ಸೇರಿದಂತೆ ಎರಡೂ ಪಕ್ಕದ ಭಾಗಗಳನ್ನು ತೆಗೆದರು. ಕೋತಿಗಳು ಸಾಧುವಾದವು. ಆದರೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡತೊಡಗಿದವು, ಕಣ್ಣಿಗೆ ಕಂಡದ್ದನ್ನೂ ಗುರುತಿಸದಾದವು. ‘ಸಾಧುವಾದವು’ ಎಂಬ ಮಾತು ಮಾತ್ರ ಮುಂದೆ ಸಾಗಿತು. 1960ರ ದಶಕದಲ್ಲಿ ಜಪಾನಿನ ನರಬಯಾಶಿ ರೋಗಿಗಳ ಅಮಿಗ್ಡಲಾಕ್ಕೆ ಶಸ್ತ್ರಚಿಕಿತ್ಸೆ ಮಾಡಿದರು. ನಮ್ಮ ಪಕ್ಕದ ಮದ್ರಾಸಿನಲ್ಲೂ ವಿ. ಬಾಲಸುಬ್ರಮಣಿಯಂ ಮತ್ತು ಸಂಗಡಿಗರು ಇದನ್ನು ನಡೆಸಿದರು. ರೋಗಿಯನ್ನು ಶಾಂತಗೊಳಿಸಿ, ನೋಡಿಕೊಳ್ಳಲು ಸುಲಭವಾಗುವಂತೆ ಮಾಡುವುದು ಉದ್ದೇಶ. ರೋಗಿಗಳಲ್ಲಿ ವಿಪರೀತ ಚಟುವಟಿಕೆಯ ಮಕ್ಕಳೂ ಇದ್ದರು. ಸುಲಭವಾದದ್ದು ಯಾರಿಗೆ ಎಂದು ಕೇಳಬೇಕೆನಿಸುತ್ತದೆ. ಈಗ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಮಾನಸಿಕ ಕಾಯಿಲೆಗೆ ಇಂಥ ಶಸ್ತ್ರಚಿಕಿತ್ಸೆ ಮಾಡಲು ಆ ವ್ಯಕ್ತಿಯ ಒಪ್ಪಿಗೆಯೂ ಬೇಕು, ಮಂಡಳಿಯ ಅನುಮತಿಯೂ ಬೇಕು.

ಹಾಗಾಗಿ ತುಂಟ ಹುಡುಗನನ್ನೋ ಸಿಡುಕು ಸ್ವಭಾವದವರನ್ನೋ ‘ಇವರ ಅಮಿಗ್ಡಲಾ ಸರಿಯಿಲ್ಲ’ ಎಂದು ಹಣೆಪಟ್ಟಿ ಹಚ್ಚುವ ಸಂದೇಶ ಬಂದರೆ ಮುಂದೆ ಕಳಿಸಬೇಡಿ. ಆದರೆ ಇದುವರೆಗೆ ಶಾಂತವಾಗಿದ್ದ ಹಿರಿಯರು ಇದ್ದಕ್ಕಿದ್ದಂತೆ ಕೂಗಾಡಿ, ಹೊಡೆಯಲು ಬಂದರೆ ‘ವಯಸ್ಸಾಯ್ತು’ ಎಂದು ಬಿಡಬೇಡಿ. ಸಕ್ಕರೆ ಅಂಶ ಕುಸಿತ, ಸೋಂಕು, ತಲೆಗೆ ಬಿದ್ದ ಪೆಟ್ಟು, ಮರೆಗುಳಿ ಕಾಯಿಲೆ ಯಾವುದೂ ಕಾರಣವಿರಬಹುದು; ಬೇಗ ವೈದ್ಯರಿಗೆ ತೋರಿಸಿ. ಸಿಟ್ಟು ಕೈಮೀರುತ್ತಿದೆ ಎಂದು ನಿಮಗೇ ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.